ಹೊಸಿಲು ದಾಟಿಸುವ ವಿದ್ಯೆ

ಅವ್ವ ಬಿದ್ದದ್ದು ಬಚ್ಚಲಲ್ಲಿ. ಹಂಡೆಯಿಂದ ಬಿಸಿನೀರು ತೋಡಿಕೊಳ್ಳಲು ಬಗ್ಗಿ ಮೇಲೆದ್ದವಳು ಹಾಗೇ ಮಗ್ಗುಲಿಗೆ ವಾಲಿದಳು. ಆಗ ಅವಳಿಗೆ 78. ತೊಡೆಯ ಮೂಳೆ ಸೊಂಟದ ಹತ್ತಿರ ಮುರಿದಿತ್ತು. ಮೂರನೆಯ ದಿನ ಆಪರೇಷನ್ ಮಾಡಿ ರಾಡು ಹಾಕಿದರು. ಎಕ್ಸ್‌ರೇಯಲ್ಲಿ ಮೂಳೆ ಚೆನ್ನಾಗಿ ಕೂತಿರುವುದನ್ನು ತೋರಿಸಿ, ಮನೆಗೆ ಒಬ್ಬ ಫಿಜಿಯೋನ ಕರೆಸಿಕೊಳ್ಳಿ ಎಂದು ಹೇಳಿ ಕಳಿಸಿದರು.

ಬಂದ ಹುಡುಗ ಒಳ್ಳೆಯವನೇ. ಹೇಳಿದ ಹೊತ್ತಿಗೆ ಸರಿಯಾಗಿ ಬರುತ್ತಿದ್ದ, ಚಪ್ಪಲಿ ಬಿಟ್ಟು ಕಾಲು ತೊಳೆದೇ ಒಳಗೆ ಬರುತ್ತಿದ್ದ. ಮಲಗಿದಲ್ಲೇ ಕಾಲೆತ್ತಿಸಿದ, ಪಾದ ಆಡಿಸಿದ, ಮಂಡಿಗೆ ಶಾಖ ಕೊಟ್ಟ, ಕರೆಂಟು ಇಟ್ಟ. ವಾಕರ್ ಹಿಡಿಸಿ ನಡುಮನೆಯಲ್ಲಿ ಎರಡು ಸುತ್ತು ಹಾಕಿಸಿದ. ಅವ್ವ ಮುಖ ಕಿವುಚಿದರೆ ಸಾಕು, "ಬಿಡಿ ಅಜ್ಜಿ, ಇವತ್ತಿಗೆ ಇಷ್ಟೇ. ಪಾಪ, ವಯಸ್ಸಾಗಿದೆ" ಎಂದು ನಿಲ್ಲಿಸುತ್ತಿದ್ದ. ಅವನ ಆ ಕರುಣೆ ನಮಗೆಲ್ಲ ಬಹಳ ಹಿಡಿಸಿತ್ತು. ಹದಿನೈದು ದಿನ ಬಂದು ಹೋದ. ಆಮೇಲೆ ಒಂದು ವರ್ಷ ಅವ್ವ ನಡುಮನೆಯ ಹೊಸಿಲು ದಾಟಲಿಲ್ಲ.

ಮರುವರ್ಷ ನೆಂಟರೊಬ್ಬರು ಹೇಳಿ ಕಳಿಸಿದ ಇನ್ನೊಬ್ಬಳು ಬಂದಳು. ವಯಸ್ಸಾದವರನ್ನೇ ನೋಡಿಕೊಳ್ಳುವ ಕೆಲಸದಲ್ಲಿ ನಾಲ್ಕು ವರ್ಷ ಪಳಗಿದವಳು. ಮೊದಲ ಅರ್ಧ ಗಂಟೆ ಅವಳು ಅವ್ವನ ಕಾಲು ಮುಟ್ಟಲೇ ಇಲ್ಲ. ಮಾತ್ರೆಗಳನ್ನೆಲ್ಲ ಒಂದು ತಟ್ಟೆಗೆ ಸುರಿಸಿ ಒಂದೊಂದರ ಹೆಸರನ್ನೂ ಓದಿದಳು. ಮಲಗಿಸಿ ಐದು ನಿಮಿಷ ಬಿಟ್ಟು ಬಿಪಿ ನೋಡಿದಳು. ಎದ್ದು ನಿಲ್ಲಿಸಿ ಒಂದು ನಿಮಿಷಕ್ಕೆ ಮತ್ತೆ, ಮೂರು ನಿಮಿಷಕ್ಕೆ ಮತ್ತೊಮ್ಮೆ ನೋಡಿದಳು. ಮೇಲಿನ ಅಂಕಿ 24 ಇಳಿದಿತ್ತು. "ಇಪ್ಪತ್ತು ಇಳಿದರೇ ಎಚ್ಚರಿಕೆ ಬೇಕು. ಅಜ್ಜಿ ಬಿದ್ದದ್ದು ಬಚ್ಚಲು ಜಾರಿ ಅಂತ ನೀವು ಅಂದುಕೊಂಡಿದ್ದೀರಿ. ಬಗ್ಗಿ ಎದ್ದಾಗ ಕಣ್ಣು ಕತ್ತಲೆ ಬಂದು ಬಿದ್ದಿರಬಹುದು" ಎಂದು ಒಂದು ಚೀಟಿ ಬರೆದು ಡಾಕ್ಟರಿಗೆ ಕೊಡಲು ಹೇಳಿದಳು. ಮಾತ್ರೆಯ ಹೊತ್ತು, ಪ್ರಮಾಣ ಎರಡೂ ಬದಲಾದವು. ಅವ್ವ ಬಿದ್ದದ್ದು ಏಕೆ ಎನ್ನುವುದು ವರ್ಷದಿಂದ ಯಾರೂ ಕೇಳದಿದ್ದ ಪ್ರಶ್ನೆ.

ಆಮೇಲೆ ಅವ್ವನ ಪಕ್ಕದಲ್ಲಿ ಚಾಪೆಯ ಮೇಲೆ ಕೂತು, "ಅಜ್ಜಿ, ನಿಮಗೆ ಎಲ್ಲಿಗೆ ಹೋಗಬೇಕು ಅನ್ನಿಸ್ತದೆ?" ಎಂದಳು.

"ಎಲ್ಲಿಗೂ ಇಲ್ಲ ಕಣವ್ವ."

ಅವಳು ಸುಮ್ಮನೆ ಕಾದಳು. ಸ್ವಲ್ಪ ಹೊತ್ತಾದ ಮೇಲೆ ಅವ್ವ ಕಿಟಕಿಯ ಕಡೆ ನೋಡುತ್ತ, "ಎದುರುಮನೆ ಜಗುಲಿಗೆ" ಎಂದಳು. ಅಲ್ಲಿ ಅವಳ ಓರಗೆಯ ಗೆಳತಿ ಇದ್ದಾಳೆ. ಇಬ್ಬರೂ ಐವತ್ತು ವರ್ಷ ದಿನಾ ಸಂಜೆ ಒಟ್ಟಿಗೆ ಕೂತು ಅವರೆಕಾಯಿ ಸುಲಿದವರು. ಒಂದು ವರ್ಷದಿಂದ ಕಿಟಕಿಯಲ್ಲೇ ಕೈ ಆಡಿಸಿ ಮಾತು ಮುಗಿಸಿದ್ದರು.

ಹುಡುಗಿ ಬ್ಯಾಗಿನಿಂದ ಟೇಪು ತೆಗೆದಳು. ನಡುಮನೆಯ ಹೊಸಿಲು ಐದು ಅಂಗುಲ, ತಲೆಬಾಗಿಲಿನದು ಏಳು. ಜಗುಲಿಯಿಂದ ಕೆಳಗೆ ಮೂರು ಮೆಟ್ಟಿಲು, ಹಿಡಿದುಕೊಳ್ಳಲು ಏನೂ ಇಲ್ಲ. ಚರಂಡಿಯ ಮೇಲಿನ ಚಪ್ಪಡಿ ಅಲ್ಲಾಡುತ್ತದೆ. ರಸ್ತೆ ದಾಟಲು ಹದಿನಾಲ್ಕು ಹೆಜ್ಜೆ, ಆ ಕಡೆ ಎರಡು ಮೆಟ್ಟಿಲು. ಎಲ್ಲವನ್ನೂ ಪುಸ್ತಕದಲ್ಲಿ ಬರೆದುಕೊಂಡಳು. ಮುಂದಿನ ಮೂರು ತಿಂಗಳು ಅವಳು ಮಾಡಿಸಿದ ವ್ಯಾಯಾಮಗಳೆಲ್ಲ ಆ ಪುಟದಿಂದಲೇ ಹುಟ್ಟಿದವು.

ಇಬ್ಬರೂ ಓದಿದ್ದು ಒಂದೇ ಪದವಿ. ಆ ಹುಡುಗನನ್ನು ದೂರುವುದಕ್ಕಾಗಿ ನಾನು ಇದನ್ನು ಬರೆಯುತ್ತಿಲ್ಲ. ಅವನಿಗೆ ಕಲಿಸಿದ್ದನ್ನು ಅವನು ನಿಷ್ಠೆಯಿಂದ ಮಾಡಿದ. ಮುಪ್ಪಿನ ದೇಹವನ್ನು ಹೇಗೆ ಓದಬೇಕು ಎನ್ನುವುದನ್ನು ಅವನಿಗೆ ಯಾರೂ ಕಲಿಸಿರಲಿಲ್ಲ, ಅಷ್ಟೆ. ಅದನ್ನು ಬೇರೆಯಾಗಿಯೇ, ರೋಗಿಯ ಪಕ್ಕದಲ್ಲೇ ನಿಲ್ಲಿಸಿ, ವರ್ಷಗಟ್ಟಲೆ ಕಲಿಸಬೇಕು ಎನ್ನುವುದು ಅವ್ವನ ಮೂರು ತಿಂಗಳು ನೋಡಿದ ಮೇಲೆ ನನಗೆ ಖಚಿತವಾಯಿತು.

ಫಿಜಿಯೋಥೆರಪಿ ಹುಟ್ಟಿದ್ದು ಮುದುಕರಿಗಾಗಿ ಅಲ್ಲ ಎನ್ನುವುದನ್ನು ಮೊದಲು ನೆನೆಯಬೇಕು. 1894ರಲ್ಲಿ ಲಂಡನ್ನಿನ ನಾಲ್ವರು ನರ್ಸುಗಳು ಅಂಗಮರ್ದನದ ವೃತ್ತಿಗೆ ಒಂದು ಶಿಸ್ತು, ಮರ್ಯಾದೆ ಬರಲಿ ಎಂದು ಸಂಘ ಕಟ್ಟಿದರು. ಅದನ್ನು ದೊಡ್ಡ ವೃತ್ತಿಯಾಗಿ ಬೆಳೆಸಿದ್ದು ಮೊದಲ ಮಹಾಯುದ್ಧ. ಕೈಕಾಲು ಕಳೆದುಕೊಂಡು ಬಂದ ಇಪ್ಪತ್ತರ ಹರೆಯದ ಸಿಪಾಯಿಗಳು ಮತ್ತೆ ನಡೆಯಬೇಕಿತ್ತು. ಆಮೇಲೆ ಪೋಲಿಯೋ ಬಂತು, ಸಾಲುಸಾಲು ಮಕ್ಕಳು ಬಂದರು. ನಮ್ಮಲ್ಲೂ ಪೋಲಿಯೋ ಮಕ್ಕಳು, ವೆಲ್ಲೂರಿನಲ್ಲಿ ಪಾಲ್ ಬ್ರಾಂಡ್ ಅವರ ಕುಷ್ಠರೋಗಿಗಳು ಈ ವಿದ್ಯೆಗೆ ನೆಲೆ ಮಾಡಿಕೊಟ್ಟರು. ಹೀಗಾಗಿ ಇದರ ಪಠ್ಯದ ಒಳಗೆ ಮೊದಲಿನಿಂದಲೂ ಒಂದು ದೇಹ ಕೂತುಬಿಟ್ಟಿದೆ. ವಯಸ್ಸು ಕಡಿಮೆ, ಪೆಟ್ಟು ಒಂದೇ, ಅದು ಬಿದ್ದ ಜಾಗವೂ ಒಂದೇ, ವಾಸಿಯಾದ ಮೇಲೆ ಕೆಲಸಕ್ಕೆ ಮರಳುವ ದೇಹ ಅದು.

ಮುದಿ ದೇಹದ ಕಡೆ ಮೊದಲು ಗಟ್ಟಿಯಾಗಿ ತಿರುಗಿ ನೋಡಿದವರು ಇಂಗ್ಲೆಂಡಿನ ವೈದ್ಯೆ ಮಾರ್ಜರಿ ವಾರೆನ್. 1935ರಲ್ಲಿ ಅವರು ಕೆಲಸ ಮಾಡುತ್ತಿದ್ದ ವೆಸ್ಟ್ ಮಿಡ್ಲ್‌ಸೆಕ್ಸ್ ಆಸ್ಪತ್ರೆಗೆ ಪಕ್ಕದ ಅನಾಥ ಬಡವರ ಆಸ್ಪತ್ರೆಯನ್ನೂ ಸೇರಿಸಿದರು. ಅಲ್ಲಿ 714 ಮಂದಿ ಮಲಗಿದ್ದರು. ಬಹಳಷ್ಟು ಮಂದಿ ವರ್ಷಗಳಿಂದ ಹಾಸಿಗೆ ಬಿಟ್ಟಿರಲಿಲ್ಲ. 'ಇವರು ಇನ್ನು ಇಷ್ಟೇ' ಎಂದು ಎಲ್ಲರೂ ಕೈಬಿಟ್ಟಿದ್ದರು. ವಾರೆನ್ ಒಬ್ಬೊಬ್ಬರನ್ನೂ ಪರೀಕ್ಷೆ ಮಾಡಿ, ಯಾರಿಗೆ ಏನಾಗಿದೆ ಎಂದು ವಿಂಗಡಿಸಿದರು. ವಾರ್ಡಿಗೆ ಬಣ್ಣ, ಬೆಳಕು ಬಂತು. ಡಾಕ್ಟರು, ನರ್ಸು, ಫಿಜಿಯೋ, ಸಮಾಜಸೇವಕಿ ಎಲ್ಲರೂ ಒಂದೇ ರೋಗಿಯ ಬಗ್ಗೆ ಕೂತು ಮಾತಾಡುವ ಪದ್ಧತಿ ಬಂತು. ಏಳುವುದಿಲ್ಲ ಎಂದುಕೊಂಡಿದ್ದವರು ಎದ್ದರು, ಎಷ್ಟೋ ಮಂದಿ ಮನೆಗೆ ಹೋದರು. 1943ರಲ್ಲಿ, 1946ರಲ್ಲಿ ಅವರು ಬರೆದ ಲೇಖನಗಳು ವೃದ್ಧರ ವೈದ್ಯಕೀಯವನ್ನು ಬೇರೆಯೇ ವಿಭಾಗವಾಗಿ ನೋಡಬೇಕೆಂದು ಕೇಳಿದವು. ಆ ವಾರ್ಡುಗಳಲ್ಲಿದ್ದ ಹೆಚ್ಚಿನವರನ್ನು ಕಾಯಿಲೆಗಿಂತ ಹಾಸಿಗೆಯೇ ಹೆಚ್ಚು ಕೆಡಿಸಿತ್ತು.

ಹಾಸಿಗೆಯ ಲೆಕ್ಕವನ್ನು ಈಚೆಗೆ ಅಳೆದೂ ನೋಡಿದ್ದಾರೆ. 2007ರಲ್ಲಿ ಅಮೆರಿಕದಲ್ಲಿ ಆರೋಗ್ಯವಾಗಿಯೇ ಇದ್ದ, ಸರಾಸರಿ 67 ವರ್ಷದ ಕೆಲವರನ್ನು ಹತ್ತು ದಿನ ಮಲಗಿಸಿದರು. ಹತ್ತೇ ದಿನದಲ್ಲಿ ಅವರ ಕಾಲುಗಳಿಂದ ಸುಮಾರು ಒಂದು ಕಿಲೋ ಮಾಂಸಖಂಡ ಕರಗಿಹೋಗಿತ್ತು. ಇದು ಗಟ್ಟಿಮುಟ್ಟಾದವರ ಕಥೆ. ಜ್ವರದಲ್ಲೋ ಆಪರೇಷನ್ ಆಗಿಯೋ ಮಲಗಿದ ಎಂಬತ್ತರ ಅಜ್ಜಿಯದು ಏನಾಗಬಹುದು ನೋಡಿ. ನಮ್ಮ ಮನೆಗಳಲ್ಲಿ 'ರೆಸ್ಟ್ ತಗೊಳ್ಳಿ' ಎನ್ನುವುದು ಪ್ರೀತಿಯ ಮಾತು. ವಯಸ್ಸಾದವರ ವಿಷಯದಲ್ಲಿ ಅದರಷ್ಟು ದುಬಾರಿಯಾದ ಮಾತು ಇನ್ನೊಂದಿಲ್ಲ.

ಮುಪ್ಪಿನ ದೇಹ ಎಂದರೆ ಹರೆಯದ ದೇಹ ಸ್ವಲ್ಪ ಸವೆದದ್ದು, ಹಾಗಾಗಿ ಅದೇ ವ್ಯಾಯಾಮವನ್ನು ಅರ್ಧ ಮಾಡಿಸಿದರೆ ಸಾಕು ಎಂದು ಬಹಳ ಮಂದಿ ತಿಳಿದಿದ್ದಾರೆ. ಅದು ತಪ್ಪು. ಅಲ್ಲಿ ರೋಗದ ಭಾಷೆಯೇ ಬೇರೆ. ಮೂತ್ರದ ಸೋಂಕಾದರೆ ಹರೆಯದವರಿಗೆ ಉರಿ, ಜ್ವರ ಬರುತ್ತದೆ. ಎಂಬತ್ತರವರಿಗೆ ಎರಡೂ ಇಲ್ಲದೆ, ಇದ್ದಕ್ಕಿದ್ದಂತೆ ಮಾತು ಗಲಿಬಿಲಿಯಾಗಬಹುದು, ನಡಿಗೆ ತಪ್ಪಿ ಬೀಳಬಹುದು. ನಿನ್ನೆ ನಡೆಯುತ್ತಿದ್ದವರು ಇವತ್ತು ನಿಲ್ಲಲಾರರು ಎಂದಾದರೆ ಕಾಲಿನ ವ್ಯಾಯಾಮ ಹೆಚ್ಚಿಸುವುದಲ್ಲ, ಡಾಕ್ಟರಿಗೆ ಫೋನು ಮಾಡುವುದು ಆ ಹೊತ್ತಿನ ಸರಿಯಾದ ಚಿಕಿತ್ಸೆ. ಸಕ್ಕರೆ, ಬಿಪಿ, ನಿದ್ದೆಯ ಮಾತ್ರೆ, ಕಣ್ಣಿನ ಪೊರೆ, ಅಂಗಾಲಿನ ಜೋಮು ಇವೆಲ್ಲ ಒಟ್ಟಿಗೆ ಸೇರಿ ಒಂದು ಬೀಳುವಿಕೆ ಆಗುತ್ತದೆ. ಮಂಡಿಯೊಂದನ್ನೇ ನೋಡಲು ಕಲಿತವನಿಗೆ ಅದು ಕಾಣುವುದಿಲ್ಲ.

ಇನ್ನೊಂದು, ಭಯ. ಒಮ್ಮೆ ಬಿದ್ದವರು ಮತ್ತೆ ಬೀಳುವ ಹೆದರಿಕೆಯಿಂದಲೇ ನಡೆಯುವುದು ಬಿಡುತ್ತಾರೆ. ಬಿಟ್ಟದ್ದರಿಂದ ಕಾಲು ಸೋಲುತ್ತದೆ, ಸೋತ ಕಾಲಿನಿಂದ ಮತ್ತೆ ಬೀಳುತ್ತಾರೆ. ಅವ್ವನ ಮನಸ್ಸಿನಲ್ಲಿದ್ದ ಹೆದರಿಕೆ ಏನೆಂದು ಆ ಹುಡುಗಿ ಕೇಳಿದ ಮೇಲೇ ನಮಗೆ ಗೊತ್ತಾದದ್ದು. ಮೂಳೆ ಮುರಿಯುವ ಭಯಕ್ಕಿಂತ, ಬಿದ್ದರೆ ಏಳಲಾಗದೆ ಯಾರಾದರೂ ಬರುವವರೆಗೆ ನೆಲದಲ್ಲಿ ಬಿದ್ದಿರಬೇಕಲ್ಲ ಎನ್ನುವ ಭಯ ಅವಳನ್ನು ಕಟ್ಟಿಹಾಕಿತ್ತು. ಆ ಭಯ ಸುಳ್ಳಲ್ಲ. ಅಮೆರಿಕದ ಮೇರಿ ಟಿನೆಟ್ಟಿ ಮತ್ತು ಅವರ ಜೊತೆಯವರು 1993ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಬಿದ್ದರೂ ಪೆಟ್ಟಾಗದವರಲ್ಲೇ 47 ಶೇಕಡ ಮಂದಿ ಒಂದು ಸಲವಾದರೂ ತಾವಾಗಿ ಏಳಲಾಗದೆ ಬಿದ್ದಿದ್ದರು.

ಹಾಗಾಗಿ ಅವ್ವನಿಗೆ ಬೀಳುವುದನ್ನು ತಪ್ಪಿಸುವ ಪಾಠಕ್ಕಿಂತ ಮೊದಲು ಏಳುವ ಪಾಠ ನಡೆಯಿತು. ಹುಡುಗಿ ನೆಲದಲ್ಲಿ ಜಮಖಾನ ಹಾಸಿ ಅವ್ವನನ್ನು ಮಲಗಿಸಿದಳು. ಮೊದಲು ಮಗ್ಗುಲಾಗಬೇಕು. ಮೊಣಕೈ ಊರಿ, ಅಂಗೈ ಊರಿ, ಅಂಬೆಗಾಲಿಗೆ ಬರಬೇಕು. ಮಂಚದ ತನಕ ಅಂಬೆಗಾಲಲ್ಲೇ ಹೋಗಿ, ಅದರ ಅಂಚು ಹಿಡಿದು, ಗಟ್ಟಿಯಿರುವ ಕಾಲನ್ನು ಮುಂದೆ ಊರಿ ಏಳಬೇಕು. ಮೊಮ್ಮಕ್ಕಳ ಮುಂದೆ ಅಂಬೆಗಾಲಿಡಲು ಅವ್ವ ನಾಚಿದಳು. ಹುಡುಗಿ ಬಾಗಿಲು ಹಾಕಿಕೊಂಡು ಕಲಿಸಿದಳು. ಒಂಬತ್ತನೆಯ ದಿನ ಅವ್ವ ಯಾರ ಕೈಯೂ ಹಿಡಿಯದೆ ಎದ್ದು ಮಂಚದ ಮೇಲೆ ಕೂತು, ಬಾಗಿಲು ತೆಗೆಯಲು ತಾನೇ ಹೇಳಿದಳು. ಅಂದಿನಿಂದ ಅವಳ ಮುಖವೇ ಬೇರೆಯಾಯಿತು.

ಇಲ್ಲಿ ನಮ್ಮ ನಾಡಿಗೆ ಸೇರಿದ ಮಾತೊಂದಿದೆ. ವೃದ್ಧರ ಪರೀಕ್ಷೆಗೆ ಪ್ರಪಂಚದಾದ್ಯಂತ ಬಳಸುವ ಸಾಧನ ಒಂದು ಕುರ್ಚಿ, ಒಂದು ಗಡಿಯಾರ. ಕುರ್ಚಿಯಿಂದ ಎದ್ದು, ಮೂರು ಮೀಟರ್ ನಡೆದು, ತಿರುಗಿ ಬಂದು ಕೂರಬೇಕು. 1986ರಲ್ಲಿ ಮಥಾಯಸ್, ನಾಯಕ್, ಐಸಾಕ್ಸ್ ಎಂಬ ಮೂವರು ಸೂಚಿಸಿದ ಈ ಪರೀಕ್ಷೆಗೆ 1991ರಲ್ಲಿ ಪೊಡ್ಸಿಯಾಡ್ಲೊ ಮತ್ತು ರಿಚರ್ಡ್‌ಸನ್ ಗಡಿಯಾರ ಸೇರಿಸಿದರು. ಹನ್ನೆರಡು ಸೆಕೆಂಡು ದಾಟಿದರೆ ಬೀಳುವ ಅಪಾಯವಿದೆ ಎಂದು ಎಚ್ಚರ ವಹಿಸುತ್ತಾರೆ. ಅವ್ವನಿಗೆ ಮೊದಲ ದಿನ 31 ಸೆಕೆಂಡು ಬೇಕಾಯಿತು. ಪರೀಕ್ಷೆ ಸರಳ, ಉಪಯುಕ್ತ. ಆದರೆ ನಮ್ಮ ಅಜ್ಜಿಯರ ಬದುಕು ಕುರ್ಚಿಯಲ್ಲಿ ಇಲ್ಲ. ಊಟಕ್ಕೆ ನೆಲ, ಸ್ನಾನಕ್ಕೆ ಮಣೆ, ಕಕ್ಕಸಿಗೆ ಕುಕ್ಕರಗಾಲು, ದೇವರ ಮುಂದೆ ಚಾಪೆ. ಬ್ರೆಜಿಲಿನ ಕ್ಲಾಡಿಯೊ ಗಿಲ್ ಅರೌಜೊ ನೆಲದಲ್ಲಿ ಕೂತು ಏಳುವುದಕ್ಕೇ ಹತ್ತು ಅಂಕದ ಪರೀಕ್ಷೆಯೊಂದನ್ನು ಮಾಡಿದ್ದಾರೆ. ಅವರ ತಂಡ 51ರಿಂದ 80 ವಯಸ್ಸಿನ 2,002 ಮಂದಿಯನ್ನು ಪರೀಕ್ಷಿಸಿ 2012ರಲ್ಲಿ ಹೇಳಿದ್ದು ಇಷ್ಟು: ನೆಲದಿಂದ ಏಳಲು ಹೆಚ್ಚು ಆಸರೆ ಬೇಕಾದವರಲ್ಲಿ ಮುಂದಿನ ವರ್ಷಗಳ ಸಾವು ಹೆಚ್ಚು. ನೆಲದಲ್ಲೇ ಬಾಳುವ ನಮ್ಮ ನಾಡಿನ ಪಠ್ಯದಲ್ಲಿ ನೆಲದಿಂದ ಏಳಿಸುವ ಪಾಠ ಮೊದಲ ಅಧ್ಯಾಯವಾಗಬೇಕು.

'ಪಾಪ' ಎನ್ನುವ ಮಾತಿಗೆ ಬರುತ್ತೇನೆ. ವೃದ್ಧರ ಆರೈಕೆಯಲ್ಲಿ ಪಳಗಿದವರು ಮೊದಲು ಮರೆಯಬೇಕಾದ ಶಬ್ದ ಅದು. 1990ರಲ್ಲಿ ಬಾಸ್ಟನ್ನಿನ ಒಂದು ವೃದ್ಧಾಶ್ರಮದಲ್ಲಿ ಮರಿಯಾ ಫಿಯಾಟರೋನ್ ಎಂಬ ವೈದ್ಯೆ ಹತ್ತು ಮಂದಿಗೆ ಭಾರ ಎತ್ತುವ ವ್ಯಾಯಾಮ ಮಾಡಿಸಿದರು. ಅವರ ಸರಾಸರಿ ವಯಸ್ಸು 90. ಒಬ್ಬರು ಒಂದು ಸಲ ಎತ್ತಬಲ್ಲ ಗರಿಷ್ಠ ಭಾರ ಹತ್ತು ಕಿಲೋ ಎಂದಾದರೆ ಎಂಟು ಕಿಲೋ ಕೊಡುವುದು ಅವರ ಲೆಕ್ಕ. ವಾರಕ್ಕೆ ಮೂರು ದಿನದಂತೆ ಎಂಟು ವಾರ. ಕೊನೆಗೆ ತೊಡೆಯ ಬಲ ಸರಾಸರಿ 174 ಶೇಕಡ ಹೆಚ್ಚಿತ್ತು. ಇಬ್ಬರು ಊರುಗೋಲು ಬಿಟ್ಟು ನಡೆದರು. ವ್ಯಾಯಾಮ ನಿಲ್ಲಿಸಿದ ನಾಲ್ಕು ವಾರದಲ್ಲಿ ಬಲ 32 ಶೇಕಡ ಇಳಿಯಿತು ಎನ್ನುವುದೂ ಅದೇ ವರದಿಯಲ್ಲಿದೆ. ತೊಂಬತ್ತರಲ್ಲೂ ಸ್ನಾಯು ಕೊಟ್ಟ ಕೆಲಸಕ್ಕೆ ಓಗೊಡುತ್ತದೆ, ಕೆಲಸ ಕಸಿದುಕೊಂಡರೆ ಅಷ್ಟೇ ಬೇಗ ಸೊರಗುತ್ತದೆ.

ಮಲಗಿ ಹತ್ತು ಸಲ ಕಾಲೆತ್ತಿಸುವುದರಲ್ಲಿ ಈ ಭಾರ ಎಲ್ಲಿದೆ? ಹರೆಯದ ಕ್ರಿಕೆಟಿಗನ ಮಂಡಿಗೆ ಕೊಡುವ ಅಳತೆಯ ವ್ಯಾಯಾಮವನ್ನು ಅಜ್ಜಿಗೆ ಕೊಡಲು ಫಿಜಿಯೋಗಳು ಅಂಜುತ್ತಾರೆ. ಅಂಜಿಕೆಗೆ ಕಾರಣವೂ ಇದೆ, ಎದೆ, ಬಿಪಿ, ಟೊಳ್ಳಾದ ಮೂಳೆ. ಎಲ್ಲಿ ಅಂಜಬೇಕು, ಎಲ್ಲಿ ಅಂಜಬಾರದು ಎನ್ನುವುದೇ ವಿಶೇಷ ತರಬೇತಿ. ನಮ್ಮ ಹುಡುಗಿ ನನ್ನ ಹಳೆಯ ಪ್ಯಾಂಟಿನ ಕಾಲು ಕತ್ತರಿಸಿ, ಮರಳು ತುಂಬಿ, ಒಂದೊಂದು ಕಿಲೋದ ಚೀಲ ಹೊಲಿಸಿದಳು. ಅದನ್ನು ಅವ್ವನ ಕಣಕಾಲಿಗೆ ಕಟ್ಟಿ ಐದು ಅಂಗುಲದ ಮಣೆ ಹತ್ತಿಸಿದಳು, ಆಮೇಲೆ ಏಳು ಅಂಗುಲದ್ದು. ಅವ್ವ ಏದುಸಿರು ಬಿಡುತ್ತಿದ್ದಳು. ಹುಡುಗಿ ಕೈ ನಾಡಿಯ ಮೇಲಿಟ್ಟುಕೊಂಡು, "ಇನ್ನು ಎರಡು ಅಜ್ಜಿ" ಎನ್ನುತ್ತಿದ್ದಳು. ನೋಡಲಾಗದೆ ನಾನು ಒಮ್ಮೆ ಎದ್ದು ಹೊರಗೆ ಹೋದದ್ದುಂಟು.

ಮನೆಯವರಿಗೂ ಪಾಠವಾಯಿತು. ನಮ್ಮಲ್ಲಿ ಹಿರಿಯರು ಕೂತಲ್ಲಿಗೇ ಕಾಫಿ, ನೀರು, ಊಟ ತಂದುಕೊಡುವುದು ಗೌರವ. ಸೊಸೆಯನ್ನು ಊರು ಅಳೆಯುವುದೂ ಅದರಿಂದಲೇ. "ನೀರಿನ ಚೊಂಬು ಅಡುಗೆಮನೆಯಲ್ಲೇ ಇರಲಿ ಅಕ್ಕ, ಅಜ್ಜಿ ಅಲ್ಲಿಗೇ ಹೋಗಿ ಕುಡೀಲಿ" ಎಂದು ಅವಳು ನನ್ನ ಹೆಂಡತಿಗೆ ಹೇಳಿದಾಗ, ಊರಿಗೆ ಬಂದಿದ್ದ ನನ್ನ ತಂಗಿಗೆ ಸಿಟ್ಟು ಬಂತು. ಅವಳು ತಂಗಿಯನ್ನೂ ಕೂರಿಸಿಕೊಂಡು ಲೆಕ್ಕ ತೋರಿಸಿದಳು: ದಿನಕ್ಕೆ ಎಂಟು ಸಲ ಅಡುಗೆಮನೆಗೆ ಹೋದರೆ ಎಷ್ಟು ಹೆಜ್ಜೆ, ಎಷ್ಟು ಸಲ ಕೂತು ಎದ್ದಂತೆ. ಮನೆಯವರಿಗೆ ನೋವಾಗದಂತೆ ಇದನ್ನು ಹೇಳುವುದು ಒಂದು ಕಲೆ. ಅದನ್ನೂ ಕಲಿಸಬೇಕು, ಅದೂ ಪಠ್ಯವೇ.

ಮರೆವಿನ ಕಾಯಿಲೆ ಇರುವವರ ವಿಷಯ ಇನ್ನೂ ಸೂಕ್ಷ್ಮ. ಕೈ ಮೇಲೆತ್ತಿ ಎಂದರೆ ಎತ್ತದ ಅಜ್ಜಿ, ಒದ್ದೆ ಬಟ್ಟೆ ಕೈಗೆ ಕೊಟ್ಟು ತಂತಿ ತೋರಿಸಿದರೆ ತಾನಾಗಿ ಕೈ ಚಾಚಿ ಹರವುತ್ತಾಳೆ. ಮಾತಿನ ನೆನಪು ಹೋದರೂ ಕೈಯ ನೆನಪು ಬಹುಕಾಲ ಉಳಿದಿರುತ್ತದೆ. ಒಂದೇ ಹೊತ್ತಿಗೆ ಎರಡು ಕೆಲಸ ಮಾಡುವುದು ಮುಪ್ಪಿಗೆ ಎಷ್ಟು ಕಷ್ಟ ಎನ್ನುವುದಕ್ಕೆ ಸ್ವೀಡನ್ನಿನವರು 1997ರಲ್ಲಿ ಒಂದು ಸಣ್ಣ ಗುರುತು ಹೇಳಿದರು. ನಡೆಯುತ್ತಿರುವವರನ್ನು ಮಾತಾಡಿಸಿ ನೋಡಿ, ಉತ್ತರ ಕೊಡಲು ನಿಂತುಬಿಡುವವರು ಮುಂದೆ ಬೀಳುವ ಸಾಧ್ಯತೆ ಹೆಚ್ಚು. ಇದಕ್ಕೆ ಯಂತ್ರ ಬೇಡ. ಏನು ನೋಡಬೇಕೆಂದು ಯಾರಾದರೂ ಒಮ್ಮೆ ತೋರಿಸಿಕೊಟ್ಟಿರಬೇಕು.

ಹಾಗೆ ತೋರಿಸಿಕೊಡುವುದನ್ನು ಒಂದು ವ್ಯವಸ್ಥೆಯಾಗಿ ಕಟ್ಟಿದವರಲ್ಲಿ ಅಮೆರಿಕದವರು ಮುಂದಿದ್ದಾರೆ. ಅಲ್ಲಿನ ಫಿಜಿಯೋಗಳ ಸಂಘದೊಳಗೆ ವೃದ್ಧರಿಗೆಂದೇ ವಿಭಾಗ ಶುರುವಾದದ್ದು 1978ರಲ್ಲಿ. ಪದವಿ ಮುಗಿಸಿ ಕೆಲಸ ಮಾಡುತ್ತಿರುವವರಿಗೆ ವೃದ್ಧರ ಆರೈಕೆಯಲ್ಲಿ ವಿಶೇಷ ತಜ್ಞ ಎನ್ನುವ ಪ್ರಮಾಣಪತ್ರ 1992ರಿಂದ ಇದೆ. ಅದರ ಪರೀಕ್ಷೆಗೆ ಕೂರಬೇಕಾದರೆ ವಯಸ್ಸಾದ ರೋಗಿಗಳೊಂದಿಗೆ 2,000 ಗಂಟೆ ನೇರ ಕೆಲಸ ಮಾಡಿರಬೇಕು, ಅಥವಾ ಮಾನ್ಯತೆ ಪಡೆದ ರೆಸಿಡೆನ್ಸಿ ಮುಗಿಸಿರಬೇಕು. ರೆಸಿಡೆನ್ಸಿ ಎಂದರೆ ಸಾಮಾನ್ಯವಾಗಿ ಒಂದು ವರ್ಷದ, ಸಂಬಳದ ಕಲಿಕೆ. ಆಸ್ಪತ್ರೆ, ಆರೈಕೆ ಕೇಂದ್ರ, ರೋಗಿಯ ಮನೆ ಎಲ್ಲ ಕಡೆಯೂ ಓಡಾಡಬೇಕು. ಹಿರಿಯ ತಜ್ಞರೊಬ್ಬರು ಕಲಿಯುವವರ ಜೊತೆ ಒಬ್ಬರಿಗೊಬ್ಬರಂತೆ ಕನಿಷ್ಠ 150 ಗಂಟೆ ಕೂತು ತಿದ್ದಬೇಕೆಂಬ ನಿಯಮವನ್ನೇ ಇಟ್ಟಿದ್ದರು. ಪುಸ್ತಕಕ್ಕಿಂತ ಈ 150 ಗಂಟೆಯೇ ಮುಖ್ಯ ಎಂದು ನನಗೆ ಅನಿಸುತ್ತದೆ. ನಮ್ಮ ಸಂಗೀತಗಾರರು ಗುರುವಿನ ಎದುರು ಕೂತು ಕಲಿಯುವುದು ಹೀಗೆಯೇ ತಾನೆ? ಕರ್ನಾಟಕದ ಕಾಲೇಜುಗಳಲ್ಲಿ ಓದಿ ಅಮೆರಿಕಕ್ಕೆ ಹೋದ ಅನೇಕ ಫಿಜಿಯೋಗಳು ಅಲ್ಲಿನ ವೃದ್ಧರ ಆರೈಕೆ ಕೇಂದ್ರಗಳಲ್ಲೇ ದುಡಿಯುತ್ತಿದ್ದಾರೆ. ನಮ್ಮ ಮಕ್ಕಳು ಅಲ್ಲಿನ ಅಜ್ಜಿಯರನ್ನು ನಡೆಸುವ ವಿದ್ಯೆಯಲ್ಲಿ ಪಳಗಿದ್ದಾರೆ, ಅವರ ಅನುಭವ ಇಲ್ಲಿನ ತರಗತಿಗಳಿಗೆ ಹರಿದು ಬರುವ ದಾರಿಯನ್ನು ಮಾತ್ರ ನಾವು ಮಾಡಿಕೊಂಡಿಲ್ಲ.

ನಮ್ಮ ದೇಶದಲ್ಲಿ ವೈದ್ಯರ ಕಡೆಯಿಂದ ಕೆಲಸ ಬೇಗ ಶುರುವಾಯಿತು. ಚೆನ್ನೈಯ ವಿ. ಎಸ್. ನಟರಾಜನ್ 1978ರಲ್ಲಿ ಮದ್ರಾಸ್ ಮೆಡಿಕಲ್ ಕಾಲೇಜಿನಲ್ಲಿ ವೃದ್ಧರ ವಿಭಾಗ ತೆರೆದರು, 1996ರಲ್ಲಿ ಅಲ್ಲೇ ವೃದ್ಧರ ವೈದ್ಯಕೀಯದ ಎಂ.ಡಿ. ಬಂತು. ಫಿಜಿಯೋಗಳಿಗೆ ಅಂಥ ದಾರಿ ಅಗಲವಾಗಿಲ್ಲ. ಕರ್ನಾಟಕದಲ್ಲಿ ನಾಲ್ಕು ವರ್ಷದ ಫಿಜಿಯೋಥೆರಪಿ ಪದವಿ (ಬಿಪಿಟಿ), ಮೇಲೆ ಆರು ತಿಂಗಳ ಇಂಟರ್ನ್‌ಶಿಪ್ ಎನ್ನುವ ಕ್ರಮದಲ್ಲಿ ಓದಿ ಬಂದವರೇ ಈಗ ಕೆಲಸದಲ್ಲಿದ್ದಾರೆ. ಮೇಲಿನ ಎರಡು ವರ್ಷದ ಸ್ನಾತಕೋತ್ತರ ಪದವಿ ಎಂಪಿಟಿಯಲ್ಲಿ ಮೂಳೆ ಮತ್ತು ಕ್ರೀಡೆ, ನರ, ಹೃದಯ ಮತ್ತು ಶ್ವಾಸಕೋಶ, ಮಕ್ಕಳು, ಸಮುದಾಯ ಎಂದು ಶಾಖೆಗಳಿವೆ. ಮುಪ್ಪು ಬಹುತೇಕ ಕಡೆ ಸಮುದಾಯದ ಶಾಖೆಯೊಳಗಿನ ಒಂದು ಪಾಲು. ಮಕ್ಕಳಿಗೆ ಬೇರೆ ಶಾಖೆ ಬೇಕೆಂದು ಎಂದೋ ಒಪ್ಪಿದ ನಾವು, ಅಜ್ಜ ಅಜ್ಜಿಯರ ವಿಷಯದಲ್ಲಿ ಅದೇ ನ್ಯಾಯವನ್ನು ಏಕೆ ಒಪ್ಪಲಿಲ್ಲ?

ಲೆಕ್ಕವಂತೂ ಕಣ್ಣೆದುರಿಗಿದೆ. 2011ರ ಜನಗಣತಿಯಲ್ಲಿ 60 ದಾಟಿದವರು ದೇಶದಲ್ಲಿ 10 ಕೋಟಿಗೂ ಹೆಚ್ಚು, ಕರ್ನಾಟಕದ ಜನರಲ್ಲಿ 9.5 ಶೇಕಡ. 2050ರ ಹೊತ್ತಿಗೆ ದೇಶದ ಐವರಲ್ಲಿ ಒಬ್ಬರು 60 ದಾಟಿರುತ್ತಾರೆ ಎಂದು ವಿಶ್ವಸಂಸ್ಥೆಯ ಜನಸಂಖ್ಯಾ ನಿಧಿಯ 2023ರ ವರದಿ ಅಂದಾಜು ಮಾಡಿದೆ. ಸರ್ಕಾರದ ಕಾಗದದಲ್ಲಿ ಯೋಜನೆ ಇಲ್ಲವೆಂದಲ್ಲ. 2010-11ರಲ್ಲಿ ಶುರುವಾದ ವೃದ್ಧರ ಆರೋಗ್ಯದ ರಾಷ್ಟ್ರೀಯ ಕಾರ್ಯಕ್ರಮ ಜಿಲ್ಲಾ ಆಸ್ಪತ್ರೆಯಲ್ಲಿ ಹತ್ತು ಹಾಸಿಗೆಯ ವಾರ್ಡು, ಫಿಜಿಯೋಥೆರಪಿ ಘಟಕ, ಸಮುದಾಯ ಆರೋಗ್ಯ ಕೇಂದ್ರದಲ್ಲಿ ಮನೆಗೂ ಹೋಗುವ ಪುನಶ್ಚೇತನ ಕಾರ್ಯಕರ್ತರು ಇರಬೇಕು ಎನ್ನುತ್ತದೆ. ಅಂಥ ವಾರ್ಡಿಗೆ ತರಬೇತಿ ಪಡೆದ ಫಿಜಿಯೋ ಒಬ್ಬರು ಬೇಕು. ಅವರು ಎಲ್ಲಿ ತಯಾರಾಗಬೇಕು? 2021ರ ಕಾಯ್ದೆಯ ಪ್ರಕಾರ ಫಿಜಿಯೋಥೆರಪಿಯ ಶಿಕ್ಷಣದ ಮಟ್ಟ ನಿಗದಿ ಮಾಡಲು ರಾಷ್ಟ್ರೀಯ ಆಯೋಗವಿದೆ. ಈ ಪ್ರಶ್ನೆಗೆ ಉತ್ತರ ಕೊಡಬೇಕಾದ ಜಾಗ ಅದು.

ಊರೂರಿಗೂ ತಜ್ಞರು ಬೇಕೆಂದು ನಾನು ಕೇಳುತ್ತಿಲ್ಲ. ನ್ಯೂಜಿಲೆಂಡಿನ ಒಟಾಗೊ ವಿಶ್ವವಿದ್ಯಾಲಯದ ಜಾನ್ ಕ್ಯಾಂಪ್‌ಬೆಲ್, ಕ್ಲೇರ್ ರಾಬರ್ಟ್‌ಸನ್ ಮತ್ತು ಅವರ ತಂಡ ಮನೆಯಲ್ಲೇ ಮಾಡುವ ವ್ಯಾಯಾಮದ ಕ್ರಮವೊಂದನ್ನು ರೂಪಿಸಿದರು. 80 ದಾಟಿದ ಹೆಂಗಸರ ಮೇಲೆ ಮಾಡಿದ ಮೊದಲ ಪ್ರಯೋಗ 1997ರಲ್ಲಿ ಪ್ರಕಟವಾಯಿತು. ಕಣಕಾಲಿಗೆ ಕಟ್ಟುವ ಭಾರ, ಸಮತೋಲದ ಅಭ್ಯಾಸ, ನಡಿಗೆ, ಇಷ್ಟೇ ಅದರ ಸರಕು. ಹಲವು ಪ್ರಯೋಗ ಸೇರಿಸಿ ನೋಡಿದಾಗ ಬೀಳುವುದು ಸುಮಾರು 35 ಶೇಕಡ ಕಡಿಮೆಯಾಗಿತ್ತು. ನಮಗೆ ಬೇಕಾದ ಸಂಗತಿ ಇದರ ಮುಂದಿನದು. ಫಿಜಿಯೋ ತರಬೇತಿ ಕೊಟ್ಟ ನರ್ಸುಗಳು ಮನೆಮನೆಗೆ ಹೋಗಿ ಮಾಡಿಸಿದಾಗಲೂ ಅದು ಫಲ ಕೊಟ್ಟಿತು. ಜಿಲ್ಲೆಗೊಬ್ಬರು ನಿಜವಾದ ತಜ್ಞರಿದ್ದರೆ ತಾಲ್ಲೂಕಿನ ಫಿಜಿಯೋಗಳನ್ನೂ, ನರ್ಸುಗಳನ್ನೂ, ಆಶಾ ಕಾರ್ಯಕರ್ತೆಯರನ್ನೂ ತಯಾರು ಮಾಡಬಹುದು.

ಕಲಿಕೆ ಎಲ್ಲಿಂದ ಶುರುವಾಗಬೇಕು ಎಂದು ನಮ್ಮ ಹುಡುಗಿಯನ್ನೇ ಕೇಳಿದೆ. ತಾನು ಕಲಿಯುವಾಗ ಮೊದಲ ದಿನ ಕನ್ನಡಕಕ್ಕೆ ವ್ಯಾಸಲೀನ್ ಸವರಿ, ಕಿವಿಗೆ ಹತ್ತಿ ತುರುಕಿ, ಮಂಡಿಗೆ ಬಿಗಿಯಾಗಿ ಪಟ್ಟಿ ಸುತ್ತಿ, ಬೂಟಿನೊಳಗೆ ಕಡಲೆಕಾಳು ಹಾಕಿ ಮೆಟ್ಟಿಲು ಇಳಿಸಿದ್ದರಂತೆ. "ಮೂರನೇ ಮೆಟ್ಟಿಲಿಗೇ ಅಳು ಬಂತು ಅಣ್ಣ. ಆಮೇಲೆ ಯಾವ ಅಜ್ಜಿಗೂ 'ಬೇಗ ಬೇಗ ನಡೀರಿ' ಅಂದಿಲ್ಲ" ಎಂದಳು. ಅವಳ ದಿನದ ಸಂಪಾದನೆ ಬೆಂಗಳೂರಿನ ಕ್ರೀಡಾ ಚಿಕಿತ್ಸಾಲಯಗಳಲ್ಲಿರುವ ಅವಳ ಸಹಪಾಠಿಗಳದ್ದಕ್ಕಿಂತ ಬಹಳ ಕಡಿಮೆ. ಒಂದೊಂದು ಮನೆಯಲ್ಲೂ ಒಂದೂವರೆ ಗಂಟೆ ಕಳೆಯುತ್ತಾಳೆ, ದಿನಕ್ಕೆ ನಾಲ್ಕು ಮನೆ ದಾಟುವುದಿಲ್ಲ. ಈ ಕೆಲಸಕ್ಕೆ ಅದಕ್ಕೆ ತಕ್ಕ ಬೆಲೆ ಬರದೆ ಮಕ್ಕಳು ಇದನ್ನು ಆರಿಸಿಕೊಳ್ಳುವುದಿಲ್ಲ ಎನ್ನುವುದನ್ನು ವಿಶ್ವವಿದ್ಯಾಲಯಗಳೂ, ವಿಮೆಯವರೂ, ಹಣ ಕೊಡುವ ನಾವೂ ಒಪ್ಪಿಕೊಳ್ಳಬೇಕು.

ಮೂರು ತಿಂಗಳ ಕೊನೆಗೆ ಅವ್ವನ ಕುರ್ಚಿಯ ಪರೀಕ್ಷೆ 31ರಿಂದ 17 ಸೆಕೆಂಡಿಗೆ ಇಳಿದಿತ್ತು. ಬಚ್ಚಲಿಗೆ ಎರಡು ಹಿಡಿಕೆ ಬಂದವು, ಹಂಡೆಯ ಪಕ್ಕ ಎತ್ತರದ ಸ್ಟೂಲು ಬಂತು. ಚರಂಡಿಯ ಚಪ್ಪಡಿಗೆ ನಾನೇ ಸಿಮೆಂಟು ಹಾಕಿಸಿದೆ, ಮೆಟ್ಟಿಲಿಗೆ ಕಬ್ಬಿಣದ ಪೈಪು ಹೂಡಿಸಿದೆ. ಕಾರ್ತಿಕ ಮಾಸದ ಒಂದು ಸಂಜೆ ಊರುಗೋಲು ಹಿಡಿದು ಅವ್ವ ಎರಡು ಹೊಸಿಲು, ಮೂರು ಮೆಟ್ಟಿಲು, ಹದಿನಾಲ್ಕು ಹೆಜ್ಜೆಯ ರಸ್ತೆ, ಮತ್ತೆ ಎರಡು ಮೆಟ್ಟಿಲು ದಾಟಿ ಎದುರುಮನೆಯ ಜಗುಲಿಯ ಮೇಲೆ ಕೂತಳು. ಗೆಳತಿ ಮೊರದಲ್ಲಿದ್ದ ಅವರೆಕಾಯಿಯನ್ನು ಅರ್ಧ ಅವಳ ಕಡೆಗೆ ಸರಿಸಿದಳು.

ನಿಮ್ಮ ಮನೆಯಲ್ಲಿ ವಯಸ್ಸಾದವರಿಗಾಗಿ ಫಿಜಿಯೋ ಬರುತ್ತಿದ್ದರೆ, ಮೊದಲ ದಿನವೇ ಅವರನ್ನು ನಿಮ್ಮ ಬಚ್ಚಲಿಗೆ ಕರೆದುಕೊಂಡು ಹೋಗಿ ತೋರಿಸಿ. ಮಾತ್ರೆಗಳ ಡಬ್ಬಿಯನ್ನು ಅವರ ಮುಂದೆ ಸುರಿಯಿರಿ. ನಿಲ್ಲಿಸಿ ಬಿಪಿ ನೋಡಲು ಕೇಳಿ, ನೆಲದಿಂದ ಏಳುವುದನ್ನು ಕಲಿಸಲು ಕೇಳಿ. ಅದಕ್ಕೂ ಮೊದಲು, ಎಲ್ಲಿಗೆ ಹೋಗಬೇಕು ಅನ್ನಿಸುತ್ತದೆ ಎಂದು ನಿಮ್ಮ ಅವ್ವನನ್ನು ನೀವೇ ಒಮ್ಮೆ ಕೇಳಿ.